ವಲ್ಲಿಯ ಕೆಳಗೆ ತಣ್ಣಗಿದ್ದ ಕೈ

ಆದವಾನಿಗೆ ಬಂದ ಮೂರನೆಯ ದಿನ, ಹತ್ತಿ ಬಜಾರಿನ ನಟ್ಟನಡುವೆ, ಗುರುತು ಪರಿಚಯವಿಲ್ಲದ ಒಬ್ಬ ಮುದುಕರು ನನ್ನ ಬಲಗೈಯನ್ನು ಹಿಡಿದುಕೊಂಡು ತಮ್ಮ ಹೆಗಲ ಮೇಲಿನ ವಸ್ತ್ರವನ್ನು ಅದರ ಮೇಲೆ ಹೊದಿಸಿಬಿಟ್ಟರು. ನಾನು ಕೈ ಎಳೆದುಕೊಂಡೆ. ಅವರು ಬಿಡಲಿಲ್ಲ. ಬಟ್ಟೆಯ ಕೆಳಗೆ ನನ್ನ ಎರಡು ಬೆರಳುಗಳನ್ನು ಸೇರಿಸಿ ಅದುಮಿದರು, ಆಮೇಲೆ ಉಂಗುರದ ಬೆರಳಿನ ಗೆಣ್ಣನ್ನು ಒತ್ತಿದರು. ಮುಖ ಮಾತ್ರ ಬಸ್ಸಿಗೆ ಕಾಯುವವರ ಮುಖ. ಸುತ್ತ ನಿಂತವರೆಲ್ಲ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ನನಗೆ ಕಚಗುಳಿಯಾಗಿ ಕಿಸಕ್ಕನೆ ನಕ್ಕುಬಿಟ್ಟೆ.

“ನಗಬ್ಯಾಡಪ್ಪಾ. ಯಾವೂರು ನಿಂದು?”

“ತಿಪಟೂರು. ಮೈಸೂರು ಸೀಮೆ.”

“ಹಂಗಾರ ಕೇಳು ಮೈಸೂರು, ಬಾಯಿ ಮುಚ್ಚಿ ಕೈ ಕೊಡು. ಇಲ್ಲಿ ರೇಟು ಬಾಯಿಲೆ ಹೇಳಾಂಗಿಲ್ಲ, ಬೆರಳಿಲೆ ಹೇಳಬೇಕು.”

ಅವರು ಶರಣಪ್ಪನವರು, ಹತ್ತಿ ಹಿಂಜುವ ಗಿರಣಿಯ ಮಾಲೀಕರು. ನಾನು ಯಾರದ್ದೋ ಹತ್ತಿಯ ರಾಶಿಯ ಪಕ್ಕ ಸುಮ್ಮನೆ ನಿಂತಿದ್ದೆ, ಅದರ ದಲ್ಲಾಳಿ ನಾನೇ ಎಂದು ತಿಳಿದು ಕೈ ಹಿಡಿದಿದ್ದರು. ಅಂದಿನಿಂದ ಈ ಊರಿನಲ್ಲಿ ನನ್ನ ಹೆಸರು ಮೈಸೂರು. ಹುಟ್ಟುಹೆಸರನ್ನು ಇಲ್ಲಿ ಅಂಚೆಯವನು ಬಿಟ್ಟರೆ ಯಾರೂ ಕೇಳಿಲ್ಲ.

ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ತಿಪಟೂರಿನ ಕೊಬ್ಬರಿ ಹರಾಜನ್ನು ನೋಡಿದವರಿಗೆ ಗೊತ್ತು, ಅಲ್ಲಿ ಗಂಟಲಿದ್ದವನೇ ವ್ಯಾಪಾರಿ. ಹತ್ತು ಜನ ಒಟ್ಟಿಗೆ ಕೂಗುತ್ತಾರೆ, ಬೆಲೆ ಊರಿಗೆಲ್ಲ ಕೇಳುತ್ತದೆ, ಬಾವಿಕಟ್ಟೆಯ ಹೆಂಗಸರಿಗೂ ಇವತ್ತಿನ ಕೊಬ್ಬರಿ ರೇಟು ಗೊತ್ತು. ಇಲ್ಲಿ ನೂರು ಜನ ಸೇರಿದ ಬಜಾರಿನಲ್ಲಿ ಹತ್ತಿ ಬಿದ್ದ ಸದ್ದೂ ಕೇಳಬಹುದು. ಆ ಹೆಗಲ ವಸ್ತ್ರಕ್ಕೆ ಇವರು ವಲ್ಲಿ ಅನ್ನುತ್ತಾರೆ. ವಲ್ಲಿಯ ಕೆಳಗೆ ಬೆರಳು ಹಿಡಿದರೆ ರೂಪಾಯಿ, ಗೆಣ್ಣು ಒತ್ತಿದರೆ ಆಣೆ. ಮಾರುವವನ ದಲ್ಲಾಳಿಯನ್ನೂ ಕೊಳ್ಳುವವನನ್ನೂ ಬಿಟ್ಟು ಮೂರನೆಯವನಿಗೆ ಬೆಲೆ ತಿಳಿಯುವುದಿಲ್ಲ. ಕೈ ಬಿಟ್ಟ ಮೇಲೆ ಮಾತು ಕಲ್ಲಿನಲ್ಲಿ ಕೊರೆದ ಹಾಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಯಾರ ಕೈ ವಲ್ಲಿಯ ಕೆಳಗಿತ್ತೋ ಆ ಬೆಲೆಗೆ ಅವನೇ ಜವಾಬ್ದಾರ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ, ಅದಕ್ಕೇ ಈ ಕಥೆ.

ನಮ್ಮ ಸಾಹುಕಾರರು ಕಡಲೆಕಾಯಿ ಹಿಂಡಿ ಖರೀದಿಗೆಂದು ಎರಡು ತಿಂಗಳ ಮಟ್ಟಿಗೆ ನನ್ನನ್ನು ಇಲ್ಲಿಗೆ ಕಳಿಸಿದ್ದರು. ಎರಡು ತಿಂಗಳಲ್ಲಿ ಅವರು ಅಂಗಡಿ ಮುಚ್ಚಿದರು. ನಾನು ವಾಪಸು ಹೋಗಿ ಇನ್ನೊಬ್ಬರ ತಕ್ಕಡಿ ಎತ್ತುವ ಬದಲು ಇಲ್ಲೇ ನಿಂತು ಸ್ವಂತ ದಲ್ಲಾಳಿಯಾದೆ. ಬೆರಳಿನ ವ್ಯಾಪಾರ ಕಲಿಯಲು ಒಂದು ಸುಗ್ಗಿ ಹಿಡಿಯಿತು. ಚೌಕಾಸಿ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ತಂದೆ ಬಿಟ್ಟುಹೋದ ಆಸ್ತಿ ಅಂದರೆ ಅದೊಂದೇ.

ಹೆಂಡತಿ ಗಂಗಮ್ಮ ಬಂದ ದಿನ ಮನೆಯ ಚಾವಣಿ ನೋಡಿ, “ಇದೇನ್ರೀ, ತಲೆ ಮೇಲೂ ಮಣ್ಣೇ?” ಅಂದಳು. ಇಲ್ಲಿಯ ಮನೆಗಳಿಗೆ ಹೆಂಚಿಲ್ಲ. ಕಲ್ಲುಚಪ್ಪಡಿ, ಮೇಲೆ ಸವುಳು ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಗೋಡೆಗೆ ಬೆನ್ನು ಕೊಟ್ಟರೆ ಒಲೆಗೆ ಕೊಟ್ಟ ಹಾಗೆ. ನೀರಿಗೆ ಸರತಿ, ಸರತಿಗೆ ಜಗಳ, ಜಗಳಕ್ಕೆ ತೆಲುಗು. ಗಂಗಮ್ಮ ತೆಲುಗನ್ನು ಕಲಿತದ್ದು ಕೊಡ ಹಿಡಿದುಕೊಂಡೇ. ನನಗಿಂತ ಆರು ತಿಂಗಳು ಮುಂಚೆ ಕಲಿತಳು, ಅದನ್ನು ಈಗಲೂ ಎತ್ತಿ ಆಡುತ್ತಾಳೆ. ರಾಗಿ ಇಲ್ಲ, ಜೋಳದ ರೊಟ್ಟಿ. ತೆಂಗಿನಕಾಯಿ ದೇವರ ಮುಂದೆ ಒಡೆಯುವುದಕ್ಕೆ ಮಾತ್ರ. ಚಟ್ನಿ ಅಂದರೆ ಕಡಲೆಕಾಯಿ ಮತ್ತು ಮೆಣಸಿನಕಾಯಿ, ಅದರಲ್ಲೂ ಕಡಲೆಕಾಯಿ ಸಾಕ್ಷಿಗೆ. ಬೆಳಗಿನ ತಿಂಡಿ ಉಗ್ಗಾನಿ, ಅಂದರೆ ನೆನೆಸಿ ಒಗ್ಗರಿಸಿದ ಮಂಡಕ್ಕಿ. ಅದರ ಪಕ್ಕ ಮೊಣಕೈಯುದ್ದದ ಮೆಣಸಿನಕಾಯಿ ಬಜ್ಜಿ. ಮೊದಲ ಸಲ ತಿಂದು ಕಣ್ಣೀರು ಹಾಕಿದೆ, ಎರಡನೆಯ ಸಲ ಇನ್ನೊಂದು ಕೇಳಿದೆ.

ಇನ್ನೊಂದು ವಿಚಿತ್ರ. ನಾನು ಬಂದಾಗ ಈ ಊರು ಮದ್ರಾಸು ಸರಕಾರದ ಬಳ್ಳಾರಿ ಜಿಲ್ಲೆ. ಆಂಧ್ರ ರಾಜ್ಯವಾದಾಗ ಬಳ್ಳಾರಿ ನಮ್ಮ ಮೈಸೂರಿಗೆ ಹೋಯಿತು, ಆದವಾನಿ ಕರ್ನೂಲು ಜಿಲ್ಲೆಗೆ ಬಂತು. ಮನೆ ಬದಲಿಸಲಿಲ್ಲ, ಬಾಡಿಗೆ ಬದಲಾಗಲಿಲ್ಲ, ವಿಳಾಸದಲ್ಲಿ ಮಾತ್ರ ರಾಜ್ಯವೂ ಜಿಲ್ಲೆಯೂ ಬದಲಾದವು. ಬಜಾರಿನಲ್ಲಿ ಅದೇ ‘ಐತಿ’, ‘ಬಂದಾನ’, ಅದೇ ಅರ್ಧ ಮಾತಿನಲ್ಲಿ ತೆಲುಗಿಗೆ ಹಾರುವುದು. ಗೋಡೆಯ ಮೇಲಿನ ಬೋರ್ಡುಗಳು ಮಾತ್ರ ಒಂದೊಂದಾಗಿ ಅಕ್ಷರ ಬದಲಿಸಿದವು.

ಈಗ ಸಾಲದ ಮಾತು. ಸಾಲ ಮಾಡಿದವನು ಅದನ್ನು ಬರೆಯುವುದಿಲ್ಲ, ಮುಚ್ಚುತ್ತಾನೆ. ನಾನು ಮುಚ್ಚಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ರಾಜ್ಯವಾದ ಮರುವರ್ಷ, ದೂರದಿಂದ ಒಬ್ಬ ಖರೀದಿದಾರ ಬಂದ. ಬಿಳಿ ಪಂಚೆ, ಬೆಳ್ಳಿ ಕಟ್ಟಿನ ಕೋಲು. ವಲ್ಲಿ ವ್ಯಾಪಾರ ತನಗೆ ಗೊತ್ತಿಲ್ಲ, ನೀನೇ ನನ್ನ ಪರವಾಗಿ ಕೈ ಹಿಡಿ ಎಂದ. ನಾನು ಗೋನೆಗಂಡ್ಲದ ಇಬ್ಬರು ರೈತರ ಹತ್ತಿಯನ್ನು ಅವನಿಗೆ ಹಿಡಿದುಕೊಟ್ಟೆ. ಹತ್ತಿ ರೈಲು ಹತ್ತಿತು, ಅವನೂ ಹತ್ತಿದ. ಹಣ ಹತ್ತಲಿಲ್ಲ. ಒಂಬೈನೂರು ರೂಪಾಯಿ. ರೈತರು ಪೊಲೀಸಿಗೆ ಹೋಗಲಿಲ್ಲ, ಅವನ ಊರು ಯಾವುದೆಂದು ಕೇಳಲೂ ಇಲ್ಲ. ನೇರ ನನ್ನ ಮನೆಗೆ ಬಂದು ಕೂತರು.

“ಆತ ಯಾರೋ ನಮಗ ಗೊತ್ತಿಲ್ಲರಿ. ವಲ್ಲಿ ಒಳಗ ಕೈ ನಿಮ್ದಿತ್ತು.”

ಅಷ್ಟೇ ಮಾತು. ಕೊಡದಿದ್ದರೆ ಮರುದಿನದಿಂದ ನನ್ನ ಕೈಯನ್ನು ಯಾರೂ ಮುಟ್ಟುವುದಿಲ್ಲ. ಬಜಾರಿನಲ್ಲಿ ಕೈ ಹೋದರೆ ಆದವಾನಿಯಲ್ಲಿ ನಾನು ಯಾರೂ ಅಲ್ಲ. ಮೂರು ದಿನದಲ್ಲಿ ಮೂರು ಕಡೆ ಸಾಲ ಎತ್ತಿ ಕೊಟ್ಟೆ.

ಒಂದು, ಕಿರಾಣಿ ಅಂಗಡಿಯ ನಾರಾಯಣ ಶೆಟ್ಟರು, ಐನೂರು, ಪತ್ರ ಬರೆದು. ಅವರ ಅಂಗಡಿಯಲ್ಲಿ ಕೂತು ಪತ್ರಕ್ಕೆ ಸಹಿ ಹಾಕುವಾಗ ಕೊಬ್ಬರಿ ಮೂಟೆಯ ಕಡೆ ಕಣ್ಣು ಹೋಗಿ, “ಶೆಟ್ಟರೆ, ಇದು ಮೂರನೇ ದರ್ಜೆ, ನಿಮಗೆ ಒಂದನೇದು ಅಂತ ಕೊಟ್ಟಿದ್ದಾರೆ” ಅಂದೆ. ಸಾಲ ಕೇಳಲು ಬಂದವನ ಬಾಯಲ್ಲಿ ಇಂಥ ಮಾತು ಅವರಿಗೆ ರುಚಿಸಲಿಲ್ಲ. ಎರಡು, ನಮ್ಮ ಮನೆಯ ಒಡತಿ ಈರಮ್ಮ, ಇನ್ನೂರೈವತ್ತು, ವಾರದ ಬಡ್ಡಿ. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ, ಎರಡು ಬಾಡಿಗೆ ಮನೆ, ಈ ಬಡ್ಡಿ, ಇಷ್ಟರಲ್ಲಿ ಬದುಕುವಾಕೆ. ಮೂರು, ಹತ್ತಿ ಸಾಗಿಸುವ ಬಂಡಿಗಳ ಯಜಮಾನ ಖಾಸಿಂ ಸಾಹೇಬರು, ನೂರೈವತ್ತು, ಕೈಗಡ. ಬಡ್ಡಿ ಇಲ್ಲ, ಪತ್ರ ಇಲ್ಲ. ಮೂವರಲ್ಲಿ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ. ನಾನು ಅದನ್ನೇ ಜಾಣತನ ಅಂದುಕೊಂಡಿದ್ದೆ. ಬೆಲೆ ಬಚ್ಚಿಡುವ ಊರಿನಲ್ಲಿ ಸಾಲವನ್ನೂ ಬಚ್ಚಿಟ್ಟೆ, ಅಷ್ಟೆ.

ಶೆಟ್ಟರ ಬಡ್ಡಿಗೆ ಈರಮ್ಮನಲ್ಲಿ ಇನ್ನಷ್ಟು ತಂದೆ. ಈರಮ್ಮನ ವಾರ ತಪ್ಪದಿರಲೆಂದು ಖಾಸಿಂ ಸಾಹೇಬರಲ್ಲಿ ಇನ್ನಷ್ಟು. ಪ್ರತಿ ಸಲವೂ ಒಂದು ಹೊಸ ಸುಳ್ಳು, ಯಾರಿಗೆ ಯಾವುದು ಹೇಳಿದೆ ಅನ್ನುವುದನ್ನು ನೆನಪಿಡುವುದೇ ಒಂದು ಉದ್ಯೋಗವಾಯಿತು. ಆರು ತಿಂಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಯಾರೋ ಕೆಂಡ ಇಟ್ಟ ಹಾಗೆ ಉರಿ ಶುರುವಾಯಿತು. ಉಂಡರೆ ನೋವು, ಉಣ್ಣದಿದ್ದರೆ ಇನ್ನೂ ನೋವು. ಕೈಕಾಲು ತಣ್ಣಗೆ, ಎದ್ದು ನಿಂತರೆ ಕಣ್ಣು ಕತ್ತಲೆ.

ದವಾಖಾನೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ ಹೇಳಿದರು: “ಹುಣ್ಣಾಗಿದೆ, ಒಳಗೆ ರಕ್ತ ಸೋರುತ್ತಿದೆ. ಮೂರು ಬಿಡಬೇಕು. ಖಾರ, ಚಹ, ಚಿಂತೆ. ಹಾಲು, ಗಂಜಿ, ಮೂರು ತಿಂಗಳು ಮಲಗಿರಬೇಕು.”

“ಮೊದಲೆರಡು ಇವತ್ತೇ ಬಿಡ್ತೀನಿ ಸ್ವಾಮಿ. ಮೂರನೇದನ್ನ ಯಾರು ತಗೋತಾರೆ?”

ಅವರು ನಗಲಿಲ್ಲ. ಡಾಕ್ಟರುಗಳಿಗೆ ಇಂಥ ಮಾತು ದಿನಾ ಬರುತ್ತದೆ ಅಂತ ಕಾಣುತ್ತೆ.

ಮೊದಲೆರಡನ್ನೂ ಬಿಡಲಿಲ್ಲ. ಇಲ್ಲಿದೆ ನೋಡಿ ನನ್ನ ಬುದ್ಧಿವಂತಿಕೆಯ ತುದಿ. ದಲ್ಲಾಳಿ ಬೆಳಿಗ್ಗೆ ಬಜಾರಿಗೆ ಬರಲಿಲ್ಲ ಅಂದರೆ ಆದವಾನಿಯಲ್ಲಿ ಎರಡೇ ಅರ್ಥ: ಸತ್ತ, ಇಲ್ಲವೇ ಓಡಿದ. ಚಹ ಬೇಡ ಅಂದರೆ, “ಯಾಕ ಮೈಸೂರು, ಆರಾಮ ಇಲ್ಲೇನು?” ಅಂತ ನಾಲ್ಕು ಜನ ಕೇಳುತ್ತಾರೆ. ಆ ನಾಲ್ಕು ಜನ ನಲವತ್ತು ಜನಕ್ಕೆ ಹೇಳುತ್ತಾರೆ, ಸಂಜೆಗೆ ಸಾಲ ಕೊಟ್ಟ ಮೂವರೂ ಬಾಗಿಲಿಗೆ. ಆದ್ದರಿಂದ ನಾನು ದಿನವೂ ಬಜಾರಿನ ಮೂಲೆಯ ಬಂಡಿಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ ನಿಂತು, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ಆರೋಗ್ಯವಂತ ಎಂದು ತೋರಿಸುವುದಕ್ಕೆ! ಮೇಲೆ ಒಂದು ಚಹ. ಆಮೇಲೆ ಗಿರಣಿಯ ಹಿಂದಿನ ಗೋಡೆ ಹಿಡಿದು ವಾಂತಿ, ಒಂದು ಚಿಟಿಕೆ ಸೋಡಾಪುಡಿ, ಮುಖ ತೊಳೆದು ಮತ್ತೆ ಬಜಾರು. ಇದನ್ನು ಓದಿ ನಗುವವರು ನಗಲಿ. ಸಾಲವಿದ್ದವರು ನಗುವುದಿಲ್ಲ, ಅವರವರ ಬಜ್ಜಿ ಅವರವರಿಗೆ ಗೊತ್ತು.

ಗಂಗಮ್ಮನಿಗೆ ನೋವು ಗೊತ್ತಿತ್ತು, ಸಾಲದ ಪೂರ್ತಿ ಲೆಕ್ಕ ಗೊತ್ತಿರಲಿಲ್ಲ. ತಿಪಟೂರಿನ ಅಣ್ಣನಿಗೆ ಪೂರ್ತಿ ಬರೆದಿದ್ದೆ. ಅವನ ಉತ್ತರ ಒಂದು ಕಾರ್ಡಿನಲ್ಲಿ ಬಂತು: “ಮೈಯಲ್ಲಿ ಹುಷಾರಿಲ್ಲ ಎಂದಮೇಲೆ ಅಲ್ಲಿ ಏಕೆ ಸಾಯುತ್ತೀ? ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಸುಮ್ಮನೆ ಬಂದುಬಿಡು. ಆಂಧ್ರದವರ ಸಾಲ ಮೈಸೂರಿಗೆ ಬರುವುದಿಲ್ಲ.” ಆ ಕಾರ್ಡನ್ನು ಹರಿದು ಹಾಕಬೇಕಿತ್ತು. ಹರಿಯಲಿಲ್ಲ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೆ. ಬೆಳ್ಳಿ ಕಟ್ಟಿನ ಕೋಲಿನವನೂ ರೈಲು ಹತ್ತುವ ಮುಂಚೆ ಹೀಗೇ ಯಾವುದಾದರೂ ಕಾರ್ಡನ್ನು ಮುಟ್ಟಿ ನೋಡಿಕೊಂಡಿದ್ದನೋ ಏನೋ.

ಹೀಗಿರುವಾಗ ಒಂದು ದಿನ ದೇವನಕೊಂಡದ ಒಬ್ಬ ರೈತನ ಹತ್ತಿಗೆ ನಾನು ದಲ್ಲಾಳಿ, ಕೊಳ್ಳುವವರು ಶರಣಪ್ಪನವರು. ವಲ್ಲಿ ಹೊದಿಸಿದರು. ಅವರು ಬೆರಳು ಹಿಡಿದರು. ಕಡಿಮೆ. ನಾನು ಮೇಲಿನದಕ್ಕೆ ಅವರ ನಾಲ್ಕು ಬೆರಳು ಸೇರಿಸಿ ಹಿಡಿಯಬೇಕು. ಹಿಡಿದೆ, ಅಂದುಕೊಂಡೆ. ಕೈಯಲ್ಲಿ ಶಕ್ತಿಯೇ ಇರಲಿಲ್ಲ. ಕಿರುಬೆರಳು ಜಾರಿ ಮೂರೇ ಆಯಿತು. ಮತ್ತೆ ಹಿಡಿದೆ. ಬೆವರಿಗೆ ಮತ್ತೆ ಜಾರಿತು. ಮೂರು ಬೆರಳಿಗೆ ಅವರು ಒಪ್ಪಿ ಕೈಬಿಟ್ಟಿದ್ದರೆ ಮಾತು ಮುಗಿದುಹೋಗುತ್ತಿತ್ತು. ರೈತನಿಗೆ ಆದ ನಷ್ಟವೂ ನನ್ನ ತಲೆಯ ಮೇಲೆ. ಅವರು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ನನ್ನ ಕೈಯನ್ನು ಹಾಗೇ ಹಿಡಿದುಕೊಂಡು, ನಾಡಿ ನೋಡುವವರ ಹಾಗೆ, ನನ್ನ ಮುಖ ನೋಡಿದರು. ಮೊಟ್ಟಮೊದಲ ಸಲ.

ಆಮೇಲೆ ಅವರು ಮಾಡಿದ್ದನ್ನು ಆ ಬಜಾರಿನಲ್ಲಿ ಯಾರೂ ಮಾಡುವುದಿಲ್ಲ. ವಲ್ಲಿಯನ್ನು ಸರ್ರನೆ ಎಳೆದು ತೆಗೆದುಬಿಟ್ಟರು. ನಡುಬಜಾರಿನಲ್ಲಿ ಪಂಚೆ ಸೆಳೆದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

“ನೋಡ್ರಿ ಇಲ್ಲಿ,” ಅಂದರು, ನನ್ನ ಕೈಯನ್ನು ಎತ್ತಿ ಹಿಡಿದು. “ಇದು ಬಜಾರಿನ ಕೈ ಅಲ್ಲ, ದವಾಖಾನಿ ಕೈ. ಮಂಜಿನಂಗ ತಣ್ಣಗೈತಿ. ಈ ಕೈಕೂಡ ನಾ ಯಾಪಾರ ಮಾಡಾಂಗಿಲ್ಲ. ಮನಿಗೆ ಹೋಗಪಾ ಮೈಸೂರು. ಬಿಸಿ ಆದ ಮ್ಯಾಲೆ ಬಾ.”

ಆ ಹತ್ತಿಯನ್ನು ಅವರು ಅರ್ಧ ಗಂಟೆಯ ಮೇಲೆ ಇನ್ನೊಬ್ಬ ದಲ್ಲಾಳಿಯ ಕೈಯಲ್ಲಿ ಕೊಂಡರಂತೆ. ಅಗ್ಗಕ್ಕೆ ಕೊಂಡರೋ ಸರಿಯಾಗಿ ಕೊಂಡರೋ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಮೇಲೆ ಕರುಣೆಯಿಂದ ಹಾಗೆ ಮಾಡಿದರೋ, ಗಟ್ಟಿಯಾಗಿ ಎಳೆದಾಡುವ ಒಬ್ಬ ದಲ್ಲಾಳಿಯನ್ನು ದಾರಿಯಿಂದ ತೆಗೆದರೋ, ಅದೂ ತಿಳಿದಿಲ್ಲ. ವಲ್ಲಿಯ ಕೆಳಗೆ ಬದುಕಿದವರ ಮನಸ್ಸೇ ಹಾಗೆ.

ನಾನು ಮನೆಗೆ ನಡೆದು ಬರುವ ಮೊದಲೇ ಸುದ್ದಿ ಬಂದು ಕೂತಿತ್ತು. ಮಧ್ಯಾಹ್ನದ ಗಂಜಿ ಲೋಟ ಬಾಯಿಗೆ ಇಡುವಷ್ಟರಲ್ಲಿ ಪಕ್ಕದ ಬಾಗಿಲಿಂದ ಈರಮ್ಮ, ಹಿಂದೆಯೇ ಶೆಟ್ಟರು ಕೊಡೆ ಹಿಡಿದು, ಅವರ ಹಿಂದೆ ಖಾಸಿಂ ಸಾಹೇಬರು. ಮೂವರೂ ಒಬ್ಬರನ್ನೊಬ್ಬರು ನೋಡಿ ತಬ್ಬಿಬ್ಬಾದರು.

“ಏಮಯ್ಯಾ ಶೆಟ್ಟಿ, ನೀನ್ಯಾಕ ಬಂದಿ?” ಅಂದಳು ಈರಮ್ಮ.

“ರೋಗಿನ ಮಾತಾಡಿಸೋಣಂತ ಬಂದೆ. ನೀನು?”

“ನಾನೂ ಅಷ್ಟ.”

ಇಬ್ಬರೂ ಸುಳ್ಳು. ನಾನು ಹಾಸಿಗೆಯಲ್ಲೇ ಎದ್ದು ಕೂತು, ಅಭ್ಯಾಸಬಲ ನೋಡಿ, ಗಂಗಮ್ಮನಿಗೆ, “ಆ ಟವಲು ಕೊಡು” ಅಂದೆ. ಶೆಟ್ಟರನ್ನು ಹತ್ತಿರ ಕರೆದು ಕೈ ಚಾಚಿದೆ. ಟವಲಿನ ಕೆಳಗೆ ಅವರಿಗೆ ಒಂದು ಮಾತು ಕೊಡುವುದು, ಅವರು ಹೋದ ಮೇಲೆ ಈರಮ್ಮನಿಗೆ ಇನ್ನೊಂದು, ಸಾಹೇಬರಿಗೆ ಮತ್ತೊಂದು. ನಾಲ್ಕು ದಿನ ಗೆದ್ದರೆ ಐದನೆಯ ದಿನ ಗುಂತಕಲ್ಲು. ನಿಜ ಹೇಳುತ್ತೇನೆ, ಆ ಕ್ಷಣ ಕಾರ್ಡು ಎದೆಯ ಮೇಲೇ ಇತ್ತು.

ಗಂಗಮ್ಮ ಟವಲು ಕೊಡಲಿಲ್ಲ. ಮಡಿಸಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು.

“ಈ ಗುಟ್ಟಿನ ಯಾಪಾರ ಸಾಕು ಕಣ್ರೀ. ಗುಟ್ಟಿಗೇ ಹೊಟ್ಟೆ ತೂತಾಗಿರೋದು. ನಮ್ಮೂರ ಕೊಬ್ಬರಿ ಹರಾಜಿನ ಹಂಗೆ ಕೂಗಿ ಹೇಳಿ. ಯಾರಿಗೆ ಎಷ್ಟು? ನನಗೂ ಕೇಳ್ಲಿ.”

ನಾನು ಅವಳ ಮುಖ ನೋಡಿದೆ. ಅವಳು ಕಣ್ಣು ತೆಗೆಯಲಿಲ್ಲ. ಸರಿ, ಕೂಗಿದೆ. ಗಂಟಲು ಎಷ್ಟು ಬಂದರೆ ಅಷ್ಟು. “ಶೆಟ್ಟರಿಗೆ ಐನೂರ ಅರವತ್ತು! ಈರಮ್ಮನಿಗೆ ಮುನ್ನೂರ ನಲವತ್ತು! ಖಾಸಿಂ ಸಾಹೇಬರಿಗೆ ಇನ್ನೂರ ಹತ್ತು! ಒಟ್ಟು ಸಾವಿರದ ನೂರ ಹತ್ತು!”

ಮನೆಯಲ್ಲಿ ಒಂದು ಗಳಿಗೆ ಹತ್ತಿ ಬಜಾರಿನ ಮೌನ. ಆಮೇಲೆ ತಿಪಟೂರಿನ ಹರಾಜು.

“ಅಯ್ಯೋ ದೇವುಡಾ! ಎಂತ ಅಬದ್ಧಂ!” ಅಬದ್ಧಂ ಅಂದರೆ ಸುಳ್ಳು, ಸಿಟ್ಟು ಬಂದರೆ ಈರಮ್ಮ ತೆಲುಗಿಗೆ ಹೋಗುತ್ತಾಳೆ, ಇನ್ನೂ ಸಿಟ್ಟು ಬಂದರೆ ವಾಪಸು ಕನ್ನಡಕ್ಕೆ ಬರುತ್ತಾಳೆ. “ನನ್ನ ರೊಕ್ಕಲೆ ಶೆಟ್ಟಿ ಬಡ್ಡಿ ಕಟ್ಟೀಯೇನಲೇ ಮೈಸೂರು? ನನಗೊಬ್ಬಾಕಿಗೇ ಕೊಡಬೇಕು ಅಂತ ಬಸವಣ್ಣನ ಮ್ಯಾಲೆ ಆಣಿ ಮಾಡಿದ್ದೆಲ್ಲ!”

“ನನಗೆ ಆಂಜನೇಯನ ಮೇಲೆ ಮಾಡಿದಾನೆ,” ಅಂದರು ಶೆಟ್ಟರು.

ಖಾಸಿಂ ಸಾಹೇಬರು ಮಾತ್ರ ನಿಧಾನವಾಗಿ ಕೇಳಿದರು. “ಅರೆ ಭಾಯ್, ಹೊಟ್ಟಿ ಹುಣ್ಣು ಇಟ್ಕಂಡು ದಿನಾ ನನ್ನ ಮುಂದ ಬಜ್ಜಿ ಯಾಕ ತಿಂತಿದ್ದಿ?”

“ನೀವು ನೋಡ್ಲಿ ಅಂತ ಸಾಹೇಬರೇ.”

“ತೌಬಾ! ನನ್ನ ರೊಕ್ಕದಾಗ ಬಜ್ಜಿ ತಿಂದು, ನನಗ ತೋರ್ಸಾಕ ತಿಂದು, ನನ್ನ ರೊಕ್ಕ ಮುಳುಗ್ಸಾಕ ಸಾಯಾಕ ಹತ್ತಿದ್ದಿ!”

ಗಂಗಮ್ಮ ನಕ್ಕಳು. ಮೊದಲು ಅವಳೇ. ಆಮೇಲೆ ಶೆಟ್ಟರ ಮೀಸೆ ಅಲ್ಲಾಡಿತು. ಜೇಬಿನ ಕಾರ್ಡನ್ನು ತೆಗೆದು ನಾನೇ ಅವಳ ಕೈಗೆ ಕೊಟ್ಟೆ. ಓದಿದಳು, ಒಳಗೆ ಹೋದಳು, ಒಲೆಯ ಕಡೆಯಿಂದ ಸುಟ್ಟ ಕಾಗದದ ವಾಸನೆ ಬಂತು. ಅದರ ಬಗ್ಗೆ ಅವಳು ಇವತ್ತಿನವರೆಗೂ ಒಂದು ಮಾತು ಆಡಿಲ್ಲ.

ಕಾರ್ಡು ಹೋದ ಮೇಲೆ ನನಗೆ ಹಳೆಯ ಚುರುಕು ಬಂತು. ಓಡುವ ದಾರಿ ಇದ್ದವನು ಸರಿಯಾಗಿ ಚೌಕಾಸಿ ಮಾಡಲಾರ, ಇದನ್ನು ಬೇಕಾದರೆ ಗೋಡೆಯ ಮೇಲೆ ಬರೆದುಕೊಳ್ಳಿ. ನಾನು ಹೇಳಿದೆ: “ನೋಡಿ, ನಾನು ಸತ್ತರೆ ಸಾಹೇಬರಿಗೆ ಏನೂ ಇಲ್ಲ, ಈರಮ್ಮನಿಗೂ ಏನೂ ಇಲ್ಲ. ಶೆಟ್ಟರಿಗೆ ಒಂದು ಕಾಗದ ಇದೆ, ಅದರಲ್ಲಿ ಮೆಣಸಿನಕಾಯಿ ಕಟ್ಟಿ ಕೊಡಬಹುದು. ನಾನು ಬದುಕಿದರೆ ಮೂವರಿಗೂ ಪೂರ್ತಿ ಅಸಲು. ಬದುಕಬೇಕಾದರೆ ದಿನಕ್ಕೆ ಎರಡು ಸೇರು ಹಾಲು, ಮೂರು ತಿಂಗಳು ಕೂತು ಮಾಡುವ ಕೆಲಸ. ಇದರಲ್ಲಿ ಯಾರು ಎಷ್ಟು ಹಾಕ್ತೀರಿ?”

“ಚೂಡು! ಸಾಲ ಕೊಟ್ಟೋರನ್ನೇ ಚಂದಾ ಕೇಳ್ತಾನೆ!” ಅಂದರು ಶೆಟ್ಟರು. ಚೂಡು ಅಂದರೆ ನೋಡು. ನೋಡುತ್ತಲೇ ಇದ್ದರು.

ಈರಮ್ಮ ಬಡ್ಡಿ ಬಿಡಲು ಒಪ್ಪಲಿಲ್ಲ. “ಬಡ್ಡೀನ ನನ್ನ ಹೊಲ. ಹೊಲ ಬಿಡು ಅಂದ್ರ ಹ್ಯಾಂಗ?” ಎಂದಳು. ಅದು ನ್ಯಾಯ. ನಾನು ಅರ್ಧಕ್ಕೆ ಇಳಿಸಿದೆ, ಪ್ರತಿಯಾಗಿ ಎಲ್ಲರಿಗಿಂತ ಮೊದಲು ಅವಳಿಗೆ ತೀರಿಸುವ ಮಾತು ಕೊಟ್ಟೆ, ಎಲ್ಲರ ಎದುರಿಗೆ. “ಹಾಲು ನಾನ ಹಾಕ್ತೀನಿ,” ಅಂದಳು ಕೊನೆಗೆ. “ಆದ್ರ ಹಾಲಿನ ರೊಕ್ಕ ಬ್ಯಾರೆ.” ಶೆಟ್ಟರು ಪತ್ರ ಹೊಸದಾಗಿ ಬರೆದು ವಾಯಿದೆ ಮುಂದೆ ಹಾಕಿದರು, ಆದರೆ ಕೂತು ಮಾಡುವ ಕೆಲಸ ಕೊಡಲಾರೆ ಎಂದು ತಲೆ ಅಲ್ಲಾಡಿಸಿದರು. ಆಗ ನಾನು ಕೇಳಿದೆ: “ಆ ಕೊಬ್ಬರಿ ಮೂಟೆ ಏನಾಯ್ತು ಶೆಟ್ಟರೆ?”

ಅವರ ಮುಖ ಸಣ್ಣಗಾಯಿತು. ಕೆಳಗಿನ ಅರ್ಧ ಮೂಟೆ ಬೂಷ್ಟು ಹಿಡಿದು ಎಸೆದಿದ್ದರಂತೆ. ಇವರಿಗೆ ಹತ್ತಿ ಗೊತ್ತು, ಕಡಲೆಕಾಯಿ ಗೊತ್ತು, ಕೊಬ್ಬರಿ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿ ಎರಡು ಉಂಡೆಯನ್ನು ಒಂದಕ್ಕೊಂದು ತಟ್ಟಿದರೆ ಯಾವ ಅಟ್ಟದಲ್ಲಿ ಎಷ್ಟು ತಿಂಗಳು ಒಣಗಿದೆ ಅಂತ ಹೇಳಬಲ್ಲೆ. ಮರುವಾರದಿಂದ ಶೆಟ್ಟರ ಅಂಗಡಿಯ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತು ಕೊಬ್ಬರಿ ಆರಿಸುವ ಕೆಲಸ ನನ್ನದಾಯಿತು. ತಿಂಗಳಿಗೆ ಅರವತ್ತು, ಅದರಲ್ಲಿ ಹದಿನೈದು ಅವರ ಸಾಲಕ್ಕೆ. ಮೈಸೂರು ಸೀಮೆಯ ವಿದ್ಯೆ ನನ್ನನ್ನು ಆಂಧ್ರದಲ್ಲಿ ಸಾಕಿತು. ಗಂಗಮ್ಮ ಒಡೆದ ಕೊಬ್ಬರಿ ತಂದು ಚಟ್ನಿಪುಡಿ ಮಾಡಿ ಅದೇ ಅಂಗಡಿಯಲ್ಲಿ ಇಟ್ಟಳು. ಊರವರು “ಸಪ್ಪಗೈತಿ” ಅಂತ ಬೈದುಕೊಂಡೇ ಕೊಂಡರು.

ಚೇತರಿಸಿಕೊಂಡ ಮೂರು ತಿಂಗಳು ನನ್ನ ಜೀವನದ ಅತ್ಯಂತ ಕಿರಿಕಿರಿಯ ಮೂರು ತಿಂಗಳು. ಸಾಲ ಮುಚ್ಚಿಟ್ಟಾಗ ನಾನೊಬ್ಬನೇ ಅದನ್ನು ಕಾಯುತ್ತಿದ್ದೆ. ಬಿಚ್ಚಿಟ್ಟ ಮೇಲೆ ಊರೇ ನನ್ನನ್ನು ಕಾಯತೊಡಗಿತು. ಈರಮ್ಮ ಹಾಲು ಸುರಿದು, ನಾನು ಕುಡಿದು ಲೋಟ ಬೋರಲು ಹಾಕುವವರೆಗೂ ನಿಲ್ಲುತ್ತಿದ್ದಳು. ಬಜ್ಜಿಯ ಬಂಡಿಯವನು ನನ್ನನ್ನು ಕಂಡರೆ ಜಾಲರಿ ಸೌಟನ್ನು ಅಡ್ಡ ಹಿಡಿದು, “ನಕ್ಕೋ ಜೀ, ಬ್ಯಾಡ, ಖಾಸಿಂ ಸಾಬ್ ಬೈತಾರ” ಅನ್ನುತ್ತಿದ್ದ. ಒಂದು ದಿನ ರಸ್ತೆಯಲ್ಲಿ ಯಾರೋ ಗುರುತಿಲ್ಲದವರು ನಿಲ್ಲಿಸಿ, “ಚಹ ಕುಡಿದ್ರೇನು?” ಅಂತ ತನಿಖೆ ಮಾಡಿದರು. ನನ್ನ ಹೊಟ್ಟೆಯಲ್ಲಿ ಎಲ್ಲರಿಗೂ ಪಾಲು. ತಿಪಟೂರಿನಲ್ಲಿ ಕಾಯಿಲೆ ಬಿದ್ದರೆ ನೆಂಟರು ಹಣ್ಣು ತಂದು ಅರ್ಧ ಗಂಟೆ ಕೂತು ಹೋಗುತ್ತಾರೆ. ಸಾಲ ಕೊಟ್ಟವರು ಹಾಗೆ ಹೋಗುವುದಿಲ್ಲ.

ಹುಣ್ಣು ಮಾಯಿತು. ನಿಮಗೂ ಸಾಲವಿದ್ದು ನಿದ್ದೆ ಕೆಟ್ಟಿದ್ದರೆ ನನ್ನದೊಂದು ಮಾತು ಕೇಳಿ: ಮೊದಲು ಎಲ್ಲರನ್ನೂ ಒಂದು ಜಗಲಿಯಲ್ಲಿ ಕೂರಿಸಿ, ಹೆಂಡತಿ ಅಥವಾ ಗಂಡನನ್ನೂ ಕೂರಿಸಿ, ಒಟ್ಟು ಮೊತ್ತ ಬಾಯಿಬಿಟ್ಟು ಹೇಳಿ. ಬೈಗುಳ ಒಂದು ದಿನ ತಿನ್ನಬೇಕಾಗುತ್ತದೆ. ಹುಣ್ಣು ದಿನಾ ತಿನ್ನುತ್ತದೆ. ಡಾಕ್ಟರ ಹಣವನ್ನು ಬಡ್ಡಿಗೆ ಕಟ್ಟಬೇಡಿ, ಬಡ್ಡಿಯವರಿಗೇ ಅದನ್ನು ಅರ್ಥ ಮಾಡಿಸಿ. ಅವರು ದಡ್ಡರಲ್ಲ.

ನಾಲ್ಕನೆಯ ತಿಂಗಳು ಬಜಾರಿಗೆ ಹೋದೆ. ಶರಣಪ್ಪನವರು ಅದೇ ಜಾಗದಲ್ಲಿ. ಕೈ ಚಾಚಿದರು, ವಲ್ಲಿ ಹೊದಿಸಿದರು. ಬೆರಳು ಹಿಡಿಯುವ ಮೊದಲು ಅಂಗೈಯನ್ನು ಒಂದು ಸಲ ಒತ್ತಿ ನೋಡಿದರು.

“ಬಿಸಿ ಐತಿ,” ಅಂದರು. ಆಮೇಲೆ ಬೆಲೆಯಲ್ಲಿ ಎಂಟಾಣೆ ಮುರಿದರು. ನಾನು ಅವರ ಬೆರಳು ನುಗ್ಗಾಗುವ ಹಾಗೆ ಹಿಡಿದು ಎಂಟಾಣೆ ವಾಪಸು ತೆಗೆದುಕೊಂಡೆ.

ಈರಮ್ಮನದು ಮೊದಲು ತೀರಿತು, ಹಾಲಿನ ಬಾಕಿ ಸಹಿತ. ಶೆಟ್ಟರ ಪತ್ರವನ್ನು ಕಳೆದ ಸುಗ್ಗಿಯಲ್ಲಿ ಹರಿದು ಹಾಕಿದೆ. ಅಷ್ಟರಲ್ಲಿ ರಾಜ್ಯಗಳೆಲ್ಲ ಮತ್ತೊಮ್ಮೆ ಬದಲಾಗಿ, ಕನ್ನಡದವರೆಲ್ಲ ಒಂದೇ ಮನೆಯಾದರು ಎಂದು ತಿಪಟೂರಿನಿಂದ ಅಣ್ಣ ಬರೆದ. ಆದವಾನಿ ಮಾತ್ರ ಈ ಕಡೆ ಉಳಿಯಿತು. “ಇನ್ನಾದರೂ ಬಾ, ಸಾಲವೂ ಇಲ್ಲವಂತೆ,” ಎಂದಿದ್ದ. ಹೋದೆ, ಎಂಟು ದಿನಕ್ಕೆ. ಹರಾಜಿನ ಕೂಗು ಕೇಳಿ ತಲೆನೋವು ಬಂತು. ಮಾತಿನ ನಡುವೆ ‘ಐತಿ’ ಅಂದುಬಿಟ್ಟೆ, ಅಣ್ಣನ ಮಕ್ಕಳು ಬಿದ್ದು ಬಿದ್ದು ನಕ್ಕವು. ಅತ್ತಿಗೆ ಮುದ್ದೆ ಬಡಿಸಿ, “ಆದವಾನಿಯವರಿಗೆ ಇದು ಸೇರುತ್ತೋ ಇಲ್ಲವೋ” ಅಂದರು. ಮುದ್ದೆ ನುಂಗುವಾಗ ಕಣ್ಣು ತುಂಬಿತು. ಖಾರವಿಲ್ಲದ್ದಕ್ಕೆ ಅಂತ ಹೇಳಿದೆ.

ಆದವಾನಿಗೆ ವಾಪಸು ಬಂದ ಮರುದಿನ ಖಾಸಿಂ ಸಾಹೇಬರ ಬಂಡಿ ಕಟ್ಟೆಗೆ ಹೋಗಿ, ಉಳಿದಿದ್ದ ಮೂವತ್ತು ರೂಪಾಯಿ ಎಣಿಸಿ ಕೊಟ್ಟೆ. ಅವರು ಇಪ್ಪತ್ತು ತೆಗೆದುಕೊಂಡು ಹತ್ತರ ನೋಟನ್ನು ನನ್ನ ಜೇಬಿಗೇ ತುರುಕಿದರು. ಅಣ್ಣನ ಕಾರ್ಡು ಇರುತ್ತಿದ್ದ ಜೇಬು ಅದೇ.

“ಇದು ಇರ್ಲಿ.”

“ಯಾಕೆ ಸಾಹೇಬರೇ? ತೀರಿಸಿಬಿಡ್ತೀನಿ, ಮನಸ್ಸು ಹಗುರ ಆಗುತ್ತೆ.”

“ನಿನ್ನ ಮನಸ್ಸು ಹಗುರಾದ್ರ ಗುಂತಕಲ್ ಗಾಡಿ ಹತ್ತಿ ಹೋಗ್ತಿ. ಹತ್ತು ರೂಪಾಯಿ ಬಾಕಿ ಇದ್ರ ತಿರುಗಿ ಬರ್ತಿ. ಬಾಕಿ ಇಟ್ಟು ಓಡೋರನ್ನ ಬಾಳ ಮಂದಿ ಕಂಡೀನಿ ಭಾಯ್. ಬಾಕಿ ಇಟ್ಟು ನಿಂತಾವ ನೀನೊಬ್ಬನ.”

ಸಾಲವನ್ನು ಒಂದು ಪೈಸೆಯೂ ಉಳಿಸದೆ ತೀರಿಸಿ ಎಂದು ನಾನು ಎಲ್ಲರಿಗೂ ಹೇಳುವವನು, ನಿಮಗೂ ಹೇಳುತ್ತೇನೆ. ಆ ಹತ್ತು ರೂಪಾಯಿಯನ್ನು ಪ್ರತಿ ತಿಂಗಳೂ ಸಾಹೇಬರ ಬಳಿ ತೆಗೆದುಕೊಂಡು ಹೋಗುತ್ತೇನೆ. ಎತ್ತಿನ ಗೊರಸಿಗೆ ಲಾಳ ಸರಿಯಿಲ್ಲ, ಈ ಸಲ ಗಾಳಿ ಬಿಸಿ, ಅಂತ ಏನೇನೋ ಮಾತು ತೆಗೆದು ನನ್ನನ್ನು ಸಾಗಹಾಕುತ್ತಾರೆ. ತಿಪಟೂರಿನಲ್ಲಿ ಈಗ ನಾನು ಯಾರಿಗೂ ಏನೂ ಕೊಡಬೇಕಾಗಿಲ್ಲ, ಅಲ್ಲಿ ಯಾರೂ ನನ್ನ ದಾರಿ ಕಾಯುವುದಿಲ್ಲ. ನೋಟು ಜೇಬಿನಲ್ಲಿ ಮಡಿಕೆ ಸವೆದು ಹರಿಯುವ ಹಾಗಾಗಿದೆ. ಮೊನ್ನೆ ಗಂಗಮ್ಮ ಅಂಗಿ ಒಗೆಯುವ ಮುಂಚೆ ಅದನ್ನು ತೆಗೆದು ಒಣ ಜಾಗದಲ್ಲಿ ಇಟ್ಟು, ಇಸ್ತ್ರಿಯಾದ ಮೇಲೆ ಮತ್ತೆ ಅದೇ ಜೇಬಿಗೆ ಹಾಕಿದಳು. ಖರ್ಚಿಗೆ ಕಷ್ಟವಿದ್ದರೂ ಅದನ್ನು ಮುರಿಸಲಿಲ್ಲ.